ಸುಂದರಣ್ಣನ ಮನೆಯ ಚಿಮಣಿ ಪೈಪಿಗೆ ಎಷ್ಟು ರೇಟು?

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮರವಂತೆಯ ಯಾವ ಮನೆಯೆದುರು ನಿಂತರೂ ಮೀನು ಹುರಿಯುವ ಪರಿಮಳ ಮೂಗಿಗೆ ಬಡಿಯುತ್ತದೆ. ಸುಂದರಣ್ಣನ ಮನೆಯಲ್ಲಿ ಮಾತ್ರ ಆ ಪರಿಮಳ ಹೊರಗೆ ಬರುವುದನ್ನೇ ಬಿಟ್ಟಿತ್ತು. ಬಂಗುಡೆ ಕಾವಲಿಗೆ ಬಿದ್ದದ್ದೇ ತಡ, ಹೊಗೆ ಅಡುಗೆಮನೆ ತುಂಬಿ, ಚಾವಡಿಗೆ ಬಂದು, ಮಂಚದ ಮೇಲೆ ಮಲಗಿದ ಮಗುವಿನ ತಲೆಗೂದಲಿಗೂ ಅಂಟಿಕೊಳ್ಳುತ್ತಿತ್ತು.

ಹಾಗೆಂದು ಆ ಮನೆಯಲ್ಲಿ ಚಿಮಣಿ ಇಲ್ಲ ಎನ್ನಬೇಡಿ. ಇತ್ತು, ಕರೆಂಟಿನದ್ದೇ. ಮುಂಬೈಯಲ್ಲಿ ಕೆಲಸದಲ್ಲಿರುವ ಮಗ ರವಿರಾಜ್ ಮೂರು ವರ್ಷದ ಹಿಂದೆ ಅಡುಗೆಮನೆ ಹೊಸತು ಮಾಡಿಸಿದಾಗ ಅದನ್ನು ಹಾಕಿಸಿದ್ದ. ಒಲೆಯ ಮೇಲೊಂದು ಡಬ್ಬಿ, ಅದರೊಳಗೆ ಫ್ಯಾನು, ಅಲ್ಲಿಂದ ಗೋಡೆಯ ಉದ್ದಕ್ಕೂ ಹೋಗಿ ಹಿಂದಿನ ತೆಂಗಿನ ತೋಟದ ಕಡೆಗೆ ಬಾಯಿ ತೆರೆಯುವ ಹದಿನಾರು ಅಡಿಯ ಪೈಪು. ಈಗ ಅದರ ಸದ್ದು ಮಾತ್ರ ದೋಣಿಯ ಎಂಜಿನ್ನಿನಷ್ಟು. ಹೊಗೆ ಎಳೆಯುವುದು ಸೊನ್ನೆ.

ಅಷ್ಟಕ್ಕೇ ನಿಂತಿದ್ದರೆ ಸುಂದರಣ್ಣ ಕಣ್ಣೊರೆಸಿಕೊಂಡು ಊಟ ಮಾಡಿ ಎದ್ದುಬಿಡುತ್ತಿದ್ದರು. ಆದರೆ ಸೊಸೆ ರಮಿತಾಳಿಗೆ ಸಣ್ಣಂದಿನಿಂದ ಉಬ್ಬಸ. ಮುಂಬೈಯ ಬಾಡಿಗೆ ಕೋಣೆ ಮೂವರಿಗೆ ಸಾಲದೆ ಅವಳು ಎರಡು ವರ್ಷದ ಮಗಳು ದಿವ್ಯಾಳನ್ನು ಕಟ್ಟಿಕೊಂಡು ಅತ್ತೆ ಮಾವನ ಜೊತೆಗೇ ಇದ್ದಳು. ಈಚೆಗೆ ವಾರಕ್ಕೆರಡು ಸಲ ಉಸಿರು ಕಟ್ಟತೊಡಗಿತು. ಕುಂದಾಪುರದ ಡಾಕ್ಟರು ಔಷಧ ಕೊಟ್ಟು, "ಮೊದಲು ಹೊಗೆಯಿಂದ ದೂರ ಇರಿ. ಇಲ್ಲದಿದ್ದರೆ ನನ್ನ ಔಷಧ ಹೊಳೆಗೆ ಹುಣಸೆಹಣ್ಣು ಕದಡಿದ ಹಾಗೆ," ಎಂದುಬಿಟ್ಟರು.

ಬುಧವಾರ ರಾತ್ರಿ ಊಟಕ್ಕೆ ಬಡಿಸುತ್ತ ರಮಿತಾ ಮೆಲ್ಲಗೆ ಹೇಳಿದಳು.

"ಅತ್ತೆ, ಶನಿವಾರ ನಾ ವಂಡ್ಸಿಗೆ ಅಬ್ಬಿ ಮನಿಗೆ ಹೋತೆ. ಮಗೂನೂ ಕರ್ಕಂಡ್ ಹೋತೆ."

"ಎಷ್ಟ್ ದಿನಕ್ಕೆ ಹೆಣ್ಣೆ?" ಅತ್ತೆ ಸರಸಕ್ಕ ಕೇಳಿದರು.

"ಈ ಹೊಗಿ ನಿಂತ್ ಮೇಲೆ ಬತ್ತೆ."

ಅವಳ ತವರೂರು ವಂಡ್ಸೆ ಏನು ದುಬೈಯಲ್ಲ, ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ. ಆದರೂ ಸುಂದರಣ್ಣ ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟರು. ಸಮುದ್ರಕ್ಕೆ ಹೋಗುವುದನ್ನು ಬಿಟ್ಟ ಮೇಲೆ ಅವರಿಗಿದ್ದ ಕೆಲಸ ಎರಡೇ: ಬಲೆ ಹೆಣೆಯುವುದು, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ಬದಿಗೆ ಹೋಗುವುದು. ಅವಳಿಲ್ಲದ ಬೆಳಗನ್ನು ಏನು ಮಾಡುವುದೆಂದು ಅವರಿಗೆ ತಿಳಿಯಲಿಲ್ಲ.

"ಪೈಪ್ ತೊಳ್ಸಿ ಅಂದ್ಹೇಳಿ ನಾ ಆರ್ ತಿಂಗಳಿಂದ ಬಡ್ಕಂತಿದ್ದೆ," ಎಂದರು ಸರಸಕ್ಕ. "ನೀವ್ ಕೇಂಡ್ರಾ?"

"ಪೈಪ್ ತೊಳುಕೆ ದುಡ್ಡ್ ಕೊಡುದಾ? ನಲ್ವತ್ತ್ ವರ್ಷ ಎಂಜಿನ್ ಬಿಚ್ಚಿ ಕಟ್ಟಿದವ ನಾ. ಹತ್ತ್ ಮೊಳ ತಗಡಿನ ಪೈಪ್ ತೊಳುಕೆ ಪೇಟೆಯಿಂದ ಜನ ಬರ್ಕಾ?" ಎಂದು ಸುಂದರಣ್ಣ ಗುಡುಗಿದರು. ಗುಡುಗಿದ್ದೇನೋ ಹೌದು, ಆದರೆ ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಒಂದು ಕೆಂಪು ಚೀಟಿ ಉದುರಿತು. "ಬರೀ ೧೯೯ ರೂಪಾಯಿಗೆ ನಿಮ್ಮ ಚಿಮಣಿ ಫಳಫಳ!" ಸುಂದರಣ್ಣ ಅದನ್ನು ಎರಡು ಸಲ ಓದಿ ಮೂರನೆಯ ಸಲಕ್ಕೆ ಫೋನು ಎತ್ತಿದರು. ಒಂದು ಪೈಸೆಯೂ ಬಿಚ್ಚುವುದಿಲ್ಲ ಎಂದವರು, ಬೇರೇನೂ ಕೇಳದೆ, "ಇವತ್ತೇ ಬನ್ನಿ," ಎಂದರು. ಶನಿವಾರ ಹತ್ತಿರ ಬಂದರೆ ಮನುಷ್ಯ ಹೀಗೇ ಆಗುವುದು.

ಬೈಕಿನಲ್ಲಿ ಒಬ್ಬ ಬಂದ. ಚಿಮಣಿಯ ಅಡಿಯಲ್ಲಿದ್ದ ಜಾಲರಿ ಬಿಚ್ಚಿ, ಸೋಪಿನ ನೀರಿನಲ್ಲಿ ಮುಳುಗಿಸಿ, ಒರೆಸಿ, ಮತ್ತೆ ಹಾಕಿದ. ಹತ್ತು ನಿಮಿಷದ ಕೆಲಸ. ಬಾಗಿಲು ತೆರೆದಿಟ್ಟು ಬಂಗುಡೆ ಹುರಿದು ನೋಡಿದರೆ ಹೊಗೆ ಮಾತ್ರ ಇದ್ದಲ್ಲೇ ಇತ್ತು.

"ಅದು ಪೈಪಿನ ತೊಂದರೆ. ಅದಕ್ಕೆ ಬೇರೆ ಚಾರ್ಜು," ಎಂದು ಅವನು ಶುರು ಮಾಡಿದ. ಪೈಪಿಗೆ ಅಡಿಗಿಷ್ಟು. ತಿರುವು ಮೂರಿವೆ, ತಿರುವಿಗಿಷ್ಟು. ಮಿಷನ್ನಿನ ಬಾಡಿಗೆ. ಒಳಗೆ ಹುಳ ಸಾಯಲು ಔಷಧ. ಅವನ ಬಾಯಲ್ಲಿ ಒಂದೊಂದೇ ಸೇರುತ್ತ ಹೋಗಿ ನೂರ ತೊಂಬತ್ತೊಂಬತ್ತು ರೂಪಾಯಿ ನಾಲ್ಕೂವರೆ ಸಾವಿರ ದಾಟಿತು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ಸರಸಕ್ಕ ಬಾಯಿಗೆ ಸೆರಗು ಹಿಡಿದರು. ಸುಂದರಣ್ಣನೋ, ಮಗ ಕಳಿಸಿದ್ದ ದುಡ್ಡನ್ನು ತರಲು ಒಳಗೆ ಹೊರಟೇಬಿಟ್ಟರು.

ಅಷ್ಟರಲ್ಲಿ ಅಂಗಳದಿಂದ ಕೂಗು ಕೇಳಿಸಿತು.

"ಹ್ವಾಯ್ ಸುಂದ್ರಣ್ಣ! ಎಂತ, ಮನಿಗೆ ಬೆಂಕಿ ಬಿದ್ದಿತಾ? ಹೊಗಿ ನಮ್ಮನಿ ತನ್ಕ ಬಂತ್ ಮಾರ್ರೆ!"

ಪಕ್ಕದ ಮನೆಯ ಲೀಲಾಧರಣ್ಣ. ಮೂವತ್ತು ವರ್ಷ ಮುಂಬೈಯ ಹೋಟೆಲಿನಲ್ಲಿ ಒಲೆ ಮುಂದೆ ನಿಂತು ಹಿಂದಿನ ವರ್ಷವಷ್ಟೇ ಊರಿಗೆ ಬಂದವರು. ವಿಷಯ ಕೇಳಿ ತಿಳಿದು, ಬೈಕಿನವನ ಕಡೆ ತಿರುಗಿ ಬಹಳ ಮರ್ಯಾದೆಯಿಂದಲೇ ಕೇಳಿದರು.

"ತಮಾ, ಪೈಪಿನ ಬಾಯಿ ಎಲ್ಲಿತ್ತ್, ನೋಡ್ಕಂಡ್ ಬಂದ್ಯಾ?"

"ಇಲ್ಲ. ಅದೇನು ನೋಡುವುದು?"

"ಫ್ಯಾನ್ ಬಿಚ್ಚಿ ತೊಳಿತ್ಯಾ?"

"ಅದು... ಬೇಕಾದರೆ ನೋಡುವ."

"ಈ ಔಷಧಿ ಎಂತಕ್ಕೆ? ಹೆಸ್ರೆಂತ?"

"ಕಂಪನಿಯದ್ದು ಅಣ್ಣ."

"ಎಲ್ಲ ಸೇರಿ ಇಷ್ಟೇ, ಇದ್ರ ಮೇಲೆ ಇಲ್ಲ ಅಂದ್ಹೇಳಿ ಒಂದ್ ಚೀಟಿಲಿ ಬರ್ದ್ ಕೊಡ್ತ್ಯಾ?"

ಅವನ ಉತ್ತರವೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೊನೆಗೆ ಚೀಟಿಯಲ್ಲಿದ್ದ ನೂರ ತೊಂಬತ್ತೊಂಬತ್ತನ್ನು ತೆಗೆದುಕೊಂಡು ಬೈಕು ಹತ್ತಿದ.

ಸುಂದರಣ್ಣನಿಗೆ ಸಿಟ್ಟು ಬಂತು. "ಬಂದವನನ್ನ ಓಡ್ಸಿ ಬಿಟ್ರಿ. ಇನ್ನ್ ಶನಿವಾರದೊಳ್ಗೆ ಯಾರ್ ಬತ್ರ್? ನನ್ನ ಮೊಮ್ಮಗ್ಳ್ ಹೋತ್ಳಲೆ!"

"ಸುಂದ್ರಣ್ಣ, ನೀವ್ ಕಿವಿರ್ ಎತ್ತಿ ಕಾಣ್ದೆ ಯಾವತ್ತಾರೂ ಮೀನ್ ತಕಂಡಿದ್ರ್ಯಾ?"

"ನಾನಾ? ಇಲ್ಲೆ!"

"ಮತ್ತೆ ಇದನ್ನ ಹ್ಯಾಂಗೆ ಕಾಣ್ದೆ ತಕಂಬುಕೆ ಹೊರ್ಟ್ರಿ?"

ಸುಂದರಣ್ಣ ಲೀಲಾಧರಣ್ಣನಿಗೂ ಜಾಗ ಬಿಟ್ಟು ಜಗಲಿಯಲ್ಲಿ ಕುಳಿತರು.

ಲೀಲಾಧರಣ್ಣ ನಿಧಾನವಾಗಿ ವಿವರಿಸಿದರು. "ನಮ್ಮ್ ಹೋಟ್ಲಲ್ಲಿ ಪೈಪ್ ಕ್ಲೀನ್ ಮಾಡುಕೆ ತಿಂಗ್ಳ್ ತಿಂಗ್ಳ್ ಜನ ಬಪ್ಪುದ್. ನಮ್ಮ ಸೇಟ್ ದುಡ್ಡ್ ಬಿಚ್ಚುಕೆ ಹತ್ತ್ ಸಲ ಯೋಚ್ನೆ ಮಾಡುವವ, ಆದ್ರೂ ಇದಕ್ಕ್ ಕೊಡ್ತಿದ್ದ. ಎಂತಕ್ಕಂದ್ರೆ ಎಣ್ಣಿ ಹೊಗಿ ಪೈಪಲ್ಲಿ ಗಟ್ಟಿ ಆತ್ತ್. ಒಂದ್ ಕಿಡಿ ಹಾರ್ರೆ ಸಾಕ್, ಪೈಪೇ ಹತ್ಕಂತ್ತ್. ರೇಟ್ ಅಂಬುದ್ ಸುಮ್ನೆ ಬಪ್ಪುದಲ್ಲ. ಪೈಪ್ ಎಷ್ಟ್ ಉದ್ದ, ಎಷ್ಟ್ ತಿರ್ವ್, ಬಾಯಿ ಎಷ್ಟ್ ಎತ್ತರದಲ್ಲಿತ್ತ್, ಎಷ್ಟ್ ವರ್ಷದ ಜಿಡ್ಡ್, ಎಷ್ಟ್ ದೂರದಿಂದ ಬರ್ಕ್. ಇದೆಲ್ಲ ಕಂಡ್ ಹೇಳ್ದ್ ರೇಟ್ ಸಮ. ಕಾಣ್ದೆ ಹೇಳ್ದ್ ರೇಟ್ ಕಡ್ಮಿ ಆದ್ರೂ ಕಷ್ಟ, ಹೆಚ್ಚ್ ಆದ್ರೂ ಕಷ್ಟ."

ಅವರೇ ಕುಂದಾಪುರದ ಜಿತೇಂದ್ರ ಎಂಬವನಿಗೆ ಫೋನು ಮಾಡಿದರು. ಬಂದು ನೋಡುವುದಕ್ಕೆ ನೂರು ರೂಪಾಯಿ, ಕೆಲಸ ಕೊಟ್ಟರೆ ಅದು ಒಟ್ಟು ಲೆಕ್ಕದಲ್ಲಿ ಕಳೆಯುತ್ತದೆ ಎಂದು ಅವನು ಫೋನಿನಲ್ಲೇ ಹೇಳಿದ.

ಶುಕ್ರವಾರ ಬೆಳಿಗ್ಗೆ ಜಿತೇಂದ್ರ ಬಂದ. ಬಂದವನೇ ಒಲೆಯ ಹತ್ತಿರ ಹೋಗಿ, ಚಿಮಣಿಯ ಸ್ವಿಚ್ಚು ಹಾಕಿ, ಒಂದು ಪೇಪರಿನ ಹಾಳೆಯನ್ನು ಜಾಲರಿಗೆ ಹಿಡಿದು ಕೈಬಿಟ್ಟ. ಗಾಳಿ ಎಳೆಯುವುದಾದರೆ ಹಾಳೆ ಅಲ್ಲೇ ಅಂಟಿ ನಿಲ್ಲಬೇಕು. ಅದು ನೇರ ಕೆಳಗೆ ಬಿತ್ತು. ಆಮೇಲೆ ಏಣಿ ಹಿಡಿದು ಮನೆಯ ಹಿಂದಕ್ಕೆ ಹೋದ. ಸುಂದರಣ್ಣ ಒಬ್ಬರೇ ಅವನ ಹಿಂದೆ ಹೋದರು.

ಏಣಿಯ ಮೇಲಿಂದ ಜಿತೇಂದ್ರ ಕೇಳಿದ: "ಅಣ್ಣ, ಪೈಪಿನ ಬಾಯಿಗೆ ಬಲಿ ಕಟ್ಟದ್ದ್ ಯಾರ್?"

ಸುಂದರಣ್ಣನಿಗೆ ಆಗಲೇ ನೆನಪಾಯಿತು. ಚಿಮಣಿ ಹಾಕಿಸಿದ ವರ್ಷವೇ ಹಕ್ಕಿಯೊಂದು ಆ ಬಾಯಿಯೊಳಗೆ ಗೂಡು ಕಟ್ಟಲು ಹೊಂಚು ಹಾಕಿತ್ತು. ಸುಂದರಣ್ಣ ಬೈಗೆ ಮೀನು ಹಿಡಿಯುವ ಹಳೆಯ ಬಲೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ, ಸುತ್ತಲೂ ಎಳೆದು, ದೋಣಿಯವರ ಗಂಟು ಹಾಕಿ ಬಿಗಿದು, ಅದನ್ನು ಅಲ್ಲಿಗೇ ಮರೆತಿದ್ದರು. ಮೂರು ವರ್ಷದ ಎಣ್ಣೆಹೊಗೆ ಸಣ್ಣ ಕಣ್ಣಿನ ಆ ಬಲೆಗೆ ಹಿಡಿದು, ಅದರ ಮೇಲೆ ಕಡಲ ಗಾಳಿಯ ಉಪ್ಪೂ ಧೂಳೂ ಕೂತು, ಬಲೆ ಹೋಗಿ ಹಲಗೆಯಾಗಿತ್ತು. ಮೀನು ಹಿಡಿಯುವ ಬಲೆ ಹೊಗೆಯನ್ನೂ ಬಿಡದೆ ಹಿಡಿದಿತ್ತು ನೋಡಿ.

ಹಿತ್ತಲಲ್ಲಿ ಬೇರೆ ಯಾರೂ ಇರಲಿಲ್ಲ. ಬಲೆಯನ್ನು ಕಿತ್ತು ತೆಂಗಿನ ಬುಡಕ್ಕೆ ಎಸೆದರೆ ವಿಷಯ ಮುಗಿಯುತ್ತಿತ್ತು. ಚಿಮಣಿಯೇ ಸರಿಯಿಲ್ಲ, ಕಂಪನಿಯೇ ಸರಿಯಿಲ್ಲ ಎಂದು ಹೇಳಿಕೊಂಡು ಓಡಾಡಬಹುದಿತ್ತು. ಸುಂದರಣ್ಣ ಒಂದು ಕ್ಷಣ ಅದನ್ನು ಯೋಚಿಸಿದ್ದೂ ಸುಳ್ಳಲ್ಲ. ಅಷ್ಟರಲ್ಲಿ ಒಳಗಿನಿಂದ ರಮಿತಾ ಕೆಮ್ಮಿದ್ದು ಕೇಳಿಸಿತು. ಒಂದು ಕೆಮ್ಮು, ಅದರ ಹಿಂದೆ ಇನ್ನೊಂದು, ಆಮೇಲೆ ಉಸಿರೆಳೆಯುವ ಸೀಟಿಯಂಥ ಸದ್ದು. ಸುಂದರಣ್ಣನಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು.

ಜಿತೇಂದ್ರ ಬಿಚ್ಚಿ ಕೊಟ್ಟ, ಕರಿ ಹಿಡಿದ ಬಲೆಯನ್ನು ಕೈಯಲ್ಲೇ ಹಿಡಿದುಕೊಂಡು ಅವರು ಒಳಗೆ ಹೋದರು.

"ರಮಿತಾ, ತಪ್ಪ್ ನಂದೇ. ಇದನ್ನ ಕಟ್ಟದ್ದ್ ನಾನ್. ಹಕ್ಕಿ ಬಪ್ಪುದ್ ಬ್ಯಾಡ ಅಂದ್ಹೇಳಿ ಕಟ್ಟಿದ್ದೆ. ನಿನ್ ಉಸ್ರಿಗೇ ಬಲಿ ಕಟ್ಟದಂಗೆ ಆಯ್ತ್ ಮಗ."

ಸರಸಕ್ಕ ಬೈಯಲು ಬಾಯಿ ತೆರೆದಿದ್ದರು. ಗಂಡನ ಮುಖ ನೋಡಿ, ಬಲೆಯನ್ನು ಅವರ ಕೈಯಿಂದ ತೆಗೆದುಕೊಂಡು ಹೊರಗಿಟ್ಟರು. ರಮಿತಾ ಹೇಳಿದಳು, "ಇರ್ಲಿ ಮಾವ. ನೀವ್ ಗೊತ್ತಿದ್ದ್ ಮಾಡದ್ದಲ್ಲ ಅಲ್ದಾ?"

ಈಗ ನಮ್ಮ ಸುಂದರಣ್ಣನ ಹಳೆಯ ಬುದ್ಧಿ ಮತ್ತೆ ತಲೆ ಎತ್ತಿತು. "ಬಲಿ ಬಿಚ್ಚಿ ಆಯ್ತಲೆ. ಇನ್ನೆಂತಕ್ಕೆ ದುಡ್ಡ್?"

ಜಿತೇಂದ್ರ ನಕ್ಕು ಪೇಪರಿನ ಹಾಳೆಯನ್ನು ಇನ್ನೊಮ್ಮೆ ಹಿಡಿದ. ಈ ಸಲ ಅದು ಅಂಟಿತು, ತುಸು ಹೊತ್ತು ನಡುಗಿತು, ಆಮೇಲೆ ಜಾರಿ ಬಿತ್ತು. ಪೈಪಿನ ಒಂದು ತಿರುವು ಬಿಚ್ಚಿ ಒಳಗೆ ಬೆರಳು ಹಾಕಿ ತೋರಿಸಿದ. ಬೆರಳ ದಪ್ಪದ ಕಪ್ಪು ಜಿಡ್ಡು. ಆಮೇಲೆ ಒಂದು ಹಾಳೆಯಲ್ಲಿ ಬರೆದುಕೊಟ್ಟ: ಜಾಲರಿ, ಫ್ಯಾನು, ಪೈಪು, ಮೂರು ತಿರುವು, ಹೊರಬಾಯಿ, ಹೋಗಿ ಬರುವ ಖರ್ಚು, ಎಲ್ಲ ಸೇರಿ ಸಾವಿರದ ನಾನ್ನೂರು. ಹುಳದ ಔಷಧ ಬೇಡ. ಪೈಪು ಗಟ್ಟಿಯಿದೆ, ಹೊಸತೂ ಬೇಡ. ಬಲೆಯ ಬದಲು ಬಾಯಿಗೆ, ಒಳಗಿನಿಂದ ಗಾಳಿ ಬಂದಾಗ ತೆರೆದು ಉಳಿದ ಹೊತ್ತು ಮುಚ್ಚಿಕೊಳ್ಳುವ ಮುಚ್ಚಳ, ಅದಕ್ಕೆ ಇನ್ನೂರೈವತ್ತು. ಬೇಕಾದರೆ ಮಾತ್ರ.

"ಹಾಕಿ," ಎಂದರು ಸುಂದರಣ್ಣ.

ಜಿತೇಂದ್ರ ಮೊದಲು ಕರೆಂಟಿನ ಮೇನ್ ಸ್ವಿಚ್ಚು ತೆಗೆದ. ಪೈಪು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ, ತೊಳೆದ ಮೇಲೆ ಇನ್ನೊಂದು. ಮೂರು ಗಂಟೆ ಕೆಲಸ ಮಾಡಿದ. ಕೆರೆದು ತೆಗೆದ ಜಿಡ್ಡು ಒಂದು ಹಳೆಯ ಬಕೆಟಿನ ಕಾಲು ಭಾಗ ತುಂಬಿತು. ಸುಂದರಣ್ಣ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ನೋಡಿದರು. ಇದು ತಮ್ಮಿಂದ ಆಗುವ ಕೆಲಸ ಅಲ್ಲ ಎಂದು ಅವರಿಗೆ ಎರಡನೆಯ ಗಂಟೆಗೇ ಮನವರಿಕೆಯಾಯಿತು. ಕೊನೆಗೆ ಚೌಕಾಸಿ ಮಾಡದೆ ದುಡ್ಡು ಎಣಿಸಿ ಕೊಟ್ಟಾಗ ಸರಸಕ್ಕ, ಇವರಿಗೇನಾದರೂ ಜ್ವರವೋ ಎಂದು ಹಣೆ ಮುಟ್ಟಿ ನೋಡಿದರು.

"ಜಾಲರಿ ಮಾತ್ರ ಹದಿನೈದ್ ದಿನಕ್ಕೊಮ್ಮೆ ನೀವೇ ತೊಳಿನಿ," ಎಂದ ಜಿತೇಂದ್ರ. "ಬಿಸಿ ನೀರ್, ಸ್ವಲ್ಪ ಸೋಡಾಪುಡಿ ಸಾಕ್. ಅದಕ್ಕೆ ನನ್ನ ಕರ್ದ್ ದುಡ್ಡ್ ಹಾಳ್ ಮಾಡ್ಬೇಡಿ. ಪೈಪಿಗೆ ವರ್ಷಕ್ಕೊಂದ್ ಸಲ ಹೇಳಿ, ಬತ್ತೆ."

ಆ ಮಧ್ಯಾಹ್ನ ತಡವಾಗಿ ಮೀನು ಹುರಿದರು. ಬಾಗಿಲು ಕಿಟಕಿ ತೆರೆದಿಟ್ಟು ರಮಿತಾ ದೂರದಿಂದ ನೋಡಿದಳು. ಹೊಗೆ ಎದ್ದಿತು, ನೇರ ಮೇಲಕ್ಕೆ ಹೋಯಿತು, ಕಾಣೆಯಾಯಿತು. ಅವಳು ಒಂದು ಹೆಜ್ಜೆ ಹತ್ತಿರ ಬಂದಳು, ಆಮೇಲೆ ಇನ್ನೊಂದು. ಕೆಮ್ಮು ಬರಲಿಲ್ಲ.

ಶನಿವಾರದ ವಂಡ್ಸೆ ಬಸ್ಸು ರಮಿತಾಳಿಲ್ಲದೇ ಹೋಯಿತು. ಕಟ್ಟಿಟ್ಟ ಚೀಲವನ್ನು ಅವಳು ಬಿಚ್ಚಿ ಬಟ್ಟೆಗಳನ್ನು ಕಪಾಟಿಗೆ ಇಡುತ್ತಿದ್ದಾಗ ಸುಂದರಣ್ಣ ಬಾಗಿಲಲ್ಲಿ ನಿಂತು ನೋಡಿದರು. ಸಂತೋಷಕ್ಕೆ ಕಣ್ಣು ತುಂಬಿತು. ಈ ಸಲ ಕಣ್ಣೀರಿನ ತಪ್ಪನ್ನು ಹೊಗೆಯ ಮೇಲೆ ಹಾಕಲು ಹೊಗೆಯೇ ಇರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಅಡುಗೆಮನೆಗೆ ಹೋಗಿ. ಚಿಮಣಿಯ ಸ್ವಿಚ್ಚು ಹಾಕಿ ಜಾಲರಿಗೆ ಒಂದು ಪೇಪರಿನ ಹಾಳೆ ಹಿಡಿದು ನೋಡಿ. ಬಿದ್ದರೆ ಮೊದಲು ಜಾಲರಿ ತೊಳೆಯಿರಿ. ಪೈಪಿನ ಹೊರಬಾಯಿಗೆ ಬಲೆ, ಗೋಣಿ, ಪ್ಲಾಸ್ಟಿಕ್ಕು ಏನಾದರೂ ಕಟ್ಟಿದ್ದೀರಾ ಎಂದು ನೋಡಿ. ಆಮೇಲೂ ಹಾಳೆ ನಿಲ್ಲದಿದ್ದರೆ ಕೆಲಸ ಬಲ್ಲವರನ್ನು ಕರೆಯಿರಿ. ಬಂದವರು ಪೈಪನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಲಿ. ಏನೇನು ತೊಳೆಯುತ್ತಾರೆ, ಒಟ್ಟು ಎಷ್ಟು, ಅದರ ಮೇಲೆ ಏನಾದರೂ ಇದೆಯೇ ಎಂದು ಕೇಳಿ, ಕೆಲಸ ಶುರು ಮಾಡುವ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ನೊಬ್ಬರ ಹತ್ತಿರವೂ ರೇಟು ವಿಚಾರಿಸಿ. ಕೇಳುವುದಕ್ಕೆ ನಾಚಿಕೆ ಬೇಡ, ಸರಿಯಾದ ಕೆಲಸಕ್ಕೆ ಸರಿಯಾದ ದುಡ್ಡು ಕೊಡುವುದಕ್ಕೆ ಜಿಪುಣತನವೂ ಬೇಡ. ಪೈಪು ತೊಳೆಯುವವರು ತೊಳೆದು ಹೋಗುತ್ತಾರೆ. ಅದರ ಕೆಳಗೆ ನಿಂತು ದಿನವೂ ಉಸಿರಾಡುವವರು ನಿಮ್ಮ ಮನೆಯವರು.