ಏಳು ಬಾಯಿಯ ಗುಂಡಿಗೆ ಹದಿಮೂರು ಬಾಯಿ

ವನಜಮ್ಮನ ಒಲೆ ಅವತ್ತೂ ಕೈಕೊಟ್ಟಿತು. ಎಸರು ಇನ್ನೇನು ಕುದಿಯಬೇಕು, ಹಿಟ್ಟು ಹಾಕಬೇಕು ಅನ್ನುವಷ್ಟರಲ್ಲಿ ನೀಲಿ ಉರಿ ಸಣ್ಣಗಾಯಿತು, ಪುಸುಪುಸು ಅಂದಿತು, ಆರಿಯೇ ಹೋಯಿತು. ಶಾಲೆಗೆ ಹೊರಟ ನಾಲ್ಕು ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಜಗಲಿಯಿಂದ ಅತ್ತೆ ಪುಟ್ಟಗಂಗಮ್ಮ ಮೂರನೇ ಸಲ ಕೂಗಿದರು.

"ಮುದ್ದೆ ಆಯ್ತೇನೇ?"

"ನನ್ ತಲೆ ಆಯ್ತು! ಇಲ್ಲಿ ಗ್ಯಾಸು ಎಲ್ಲೈತೆ? ಕದ್ದವಳ ಮನೇಲಿ ಉರೀತಾ ಇರ್ಬೇಕು!"

ಕದ್ದವಳು ಯಾರು ಅನ್ನುವುದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು. ಹಿತ್ತಲ ಗೋಡೆಯ ಆಚೆ ಮನೆಯ ವಾರಗಿತ್ತಿ, ಸಿದ್ದಲಕ್ಷ್ಮಮ್ಮ.

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ಎರಡು ಮೈಲಿ ಒಳಗಿನ ಊರು ಅದು. ೨೦೦೧ನೇ ಇಸವಿ, ಮಳೆಗಾಲ. ಹನ್ನೊಂದು ವರ್ಷದ ಹಿಂದೆ ವನಜಮ್ಮನ ಮಾವ ಹಿತ್ತಲಿನಲ್ಲಿ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದ್ದರು. ಊರಿಗೆ ಮೊದಲನೆಯದು. ಸೌದೆಯಿಲ್ಲದೆ, ಹೊಗೆಯಿಲ್ಲದೆ ಬೆಂದ ಅನ್ನ ತಿನ್ನಲು ನೆಂಟರು ಬೆಳ್ಳಾವಿಯಿಂದ ಬಂದಿದ್ದರು. ಈಗ ಮಾವನಿಲ್ಲ. ಹೋದ ಯುಗಾದಿಗೆ ಅಣ್ಣ ತಮ್ಮಂದಿರು ಬೇರೆಯಾದರು. ವನಜಮ್ಮನ ಗಂಡ ಹನುಮಂತರಾಜು ಅಣ್ಣ, ಸಿದ್ದಲಕ್ಷ್ಮಮ್ಮನ ಗಂಡ ರಂಗರಾಜು ತಮ್ಮ.

ಊರ ಹಿರಿಯರು ಕೂತು ಹೊಲ ಅಳೆದರು, ಹಂಡೆ ಹಂಚಿದರು, ಹಿತ್ತಲ ನಡುವೆ ಎದೆಯುದ್ದ ಗೋಡೆ ಎಬ್ಬಿಸಿದರು. ಪಾಲಿಗೆ ಬಂದದ್ದು ಪಂಚಾಮೃತ ಎಂದು ಎರಡೂ ಕಡೆಯವರು ತಲೆಯಾಡಿಸಿದರು. ಆದರೆ ಗುಂಡಿಯನ್ನು ಗರಗಸ ಹಾಕಿ ಕೊಯ್ಯುವುದಕ್ಕಾಗುತ್ತದೆಯೇ? ಗುಂಡಿ ಅಣ್ಣನ ಹಿತ್ತಲಲ್ಲೇ ಇರಲಿ, ಪೈಪು ಗೋಡೆಯಡಿ ತಮ್ಮನ ಮನೆಗೂ ಹೋಗಲಿ. ಬೆಳಗಿನ ಗ್ಯಾಸು ಅಣ್ಣನಿಗೆ, ಸಂಜೆಯದು ತಮ್ಮನಿಗೆ. ಅವರವರ ಹಸುವಿನ ಸಗಣಿ ಅವರವರು ಹಾಕಲಿ ಎಂದು ತೀರ್ಮಾನಿಸಿ ಹಿರಿಯರು ಕಾಫಿ ಕುಡಿದು ಎದ್ದರು. ಎಷ್ಟು ಸಗಣಿಗೆ ಎಷ್ಟು ಗ್ಯಾಸು ಎಂದು ಒಬ್ಬ ಮಹಾನುಭಾವನೂ ಕೇಳಲಿಲ್ಲ.

ಅಂದಿನಿಂದ ಉರಿ ಕುಗ್ಗುತ್ತಲೇ ಬಂತು. ಅದು ವಾರಗಿತ್ತಿಯ ಕೈವಾಡವೇ ಎಂದು ವನಜಮ್ಮ ನಂಬಿದ್ದಳು. ಅವತ್ತು ಆರಿದ ಒಲೆಯನ್ನು ಬಿಟ್ಟು ನೇರ ಗಂಡನ ಮುಂದೆ ಬಂದು ನಿಂತಳು.

"ಅವ್ಳು ಪೈಪಿಗೆ ಏನೋ ಮಾಡವ್ಳೆ, ಇಲ್ಲಾ ಗುಂಡಿ ಒಳಗೆ ಏನೋ ಕಟ್ಕಂಡೈತೆ. ಇಳ್ದು ನೋಡು ಅಂತ ಎಂಟು ದಿನದಿಂದ ಬಡ್ಕಂತಾ ಇದೀನಿ. ಊರೋರ ಬಾವಿಗೆಲ್ಲಾ ಇಳೀತೀಯ, ಮನೆ ಗುಂಡಿಗೆ ಇಳಿಯಕ್ಕೆ ಭಯವಾ?"

"ಭಯ ಏನೇ? ಇಳೀತೀನಿ ಬುಡು, ಇವತ್ತೇ ಇಳೀತೀನಿ."

ಹನುಮಂತರಾಜು ದುಡುಕಿನ ಮನುಷ್ಯನಲ್ಲ. ಸುತ್ತ ಐದಾರು ಹಳ್ಳಿಯ ಬಾವಿಗಳ ಹೂಳು ತೆಗೆದವನು. ಹಾಳುಬಾವಿಯೊಳಗೆ ಕೆಟ್ಟ ಗಾಳಿ ಇರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ತಾನು ಇಳಿಯುವ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುತ್ತಿದ್ದ. ದೀಪ ಉರಿದರೆ ಇಳಿಯಬಹುದು, ಆರಿದರೆ ಇಳಿಯಬಾರದು. ಅವನ ಅಪ್ಪ ಹೇಳಿಕೊಟ್ಟ ಬುದ್ಧಿ. ಬಾವಿಯ ಮಟ್ಟಿಗೆ ಒಳ್ಳೆಯ ಬುದ್ಧಿಯೇ. ಆದರೆ ಅವನಿಗೆ ಗೋಬರ್ ಗ್ಯಾಸ್ ಗುಂಡಿಯೂ ಒಂದು ಬಾವಿಯಾಗಿ ಕಂಡಿತು. ಎಡವಿದ್ದು ಅಲ್ಲೇ.

ಕರಗಿದ ಸಗಣಿ ಈಚೆಗೆ ಬರುವ ಹೊರಬಾಯಿಯ ಚಪ್ಪಡಿಗಳನ್ನು ಸರಿಸಿ ಹತ್ತು ಗಂಟೆಯವರೆಗೂ ಬಕೆಟ್ಟಿನಲ್ಲಿ ಬಗ್ಗಡ ಮೊಗೆದು ಹಾಕಿದ. ಬಗ್ಗಡ ಇಳಿದ ಹಾಗೆ ಕೆಳಗೆ ಗ್ಯಾಸು ತುಂಬುವ ಕಮಾನಿನ ಕಿಂಡಿ ಕಾಣಿಸಿತು. ಕೊಳೆತ ಮೊಟ್ಟೆಯ ವಾಸನೆ ಗಮ್ಮೆಂದು ಮೇಲೆ ಬಂತು. ಮೋಡದ ದಿನ, ಒಳಗೆಲ್ಲ ಕಗ್ಗತ್ತಲು. ಅವನು ಹಗ್ಗಕ್ಕೆ ಲಾಟೀನು ಕಟ್ಟಿದ.

"ವನಜಾ, ಕಡ್ಡಿಪೆಟ್ಗೆ ತತ್ತಾ."

ವನಜಮ್ಮ ಓಡಿಹೋಗಿ ತಂದುಕೊಟ್ಟಳು.

ಗೋಡೆಯಾಚೆ ಸಿದ್ದಲಕ್ಷ್ಮಮ್ಮ ಪಾತ್ರೆ ಬೆಳಗುತ್ತಿದ್ದಳು. ಅವಳ ಗಂಡ ಬೆಳಗಿನ ಮೊದಲ ಬಸ್ಸಿಗೇ ತುಮಕೂರಿನ ಅಂತರಸನಹಳ್ಳಿ ಕಾರ್ಖಾನೆಗೆ ಹೋಗಿದ್ದ. ಕಡ್ಡಿ ಗೀರಿದ ಸದ್ದು ಕೇಳಿ ಅವಳು ಎದ್ದು ನೋಡಿದಳು. ನೋಡಿದವಳ ಕೈಯಿಂದ ಪಾತ್ರೆ ಜಾರಿತು.

"ಭಾವಾ! ದೀಪ ಬ್ಯಾಡಿ! ದೀಪ ಇಳಿಸ್ಬ್ಯಾಡಿ!"

ಮದುವೆಯಾಗಿ ಹದಿಮೂರು ವರ್ಷ, ಭಾವನ ಎದುರು ಅವಳು ತಲೆಯ ಸೆರಗು ಇಳಿಸಿದವಳಲ್ಲ, ದನಿ ಏರಿಸಿದವಳಲ್ಲ. ಇವತ್ತು ಸೀರೆ ಎತ್ತಿ ಕಟ್ಟಿ ಗೋಡೆ ಹತ್ತುತ್ತಿದ್ದಳು.

"ನೋಡ್ದಾ? ಕಳ್ಳಿಗೆ ಬಿಸಿ ಮುಟ್ತು," ಎಂದಳು ವನಜಮ್ಮ. "ಒಳಗೆ ಏನೋ ಮಾಡವ್ಳೆ, ಸಿಕ್ಕಾಕ್ಕಂತೀನಿ ಅಂತ ಹೆದ್ರವ್ಳೆ. ಇಳ್ಸು ನೀನು!"

ಹನುಮಂತರಾಜು ಹಗ್ಗ ಸಡಿಲಿಸಿದ. ಲಾಟೀನು ತೂಗಾಡುತ್ತ ಕೆಳಗೆ ಹೊರಟಿತು. ಕಮಾನಿನ ಕಿಂಡಿಗೆ ಇನ್ನು ಆಳುದ್ದ ಇರಬಹುದು, ಅಷ್ಟೇ. ಸಿದ್ದಲಕ್ಷ್ಮಮ್ಮ ಗೋಡೆಯಿಂದ ಧುಮುಕಿ, ಬಗ್ಗಡ ತುಂಬಿದ ಬಕೆಟ್ಟು ಎತ್ತಿ ಲಾಟೀನಿನ ಮೇಲೆ ಸುರಿದೇಬಿಟ್ಟಳು. ಅರ್ಧ ಲಾಟೀನಿನ ಮೇಲೆ ಬಿತ್ತು, ಇನ್ನರ್ಧ ಭಾವನ ತಲೆಯಿಂದ ಕಾಲವರೆಗೆ ಇಳಿಯಿತು. ದೀಪ ಆರಿತು.

ವನಜಮ್ಮ ನುಗ್ಗಿ ಬಂದು ವಾರಗಿತ್ತಿಯ ಜುಟ್ಟಿಗೆ ಕೈ ಹಾಕಿದಳು.

"ನನ್ ಗಂಡನ ಮ್ಯಾಲೆ ಸಗಣಿ ಸುರೀತೀಯೇನೇ? ಏಟು ಕೊಬ್ಬೇ ನಿಂಗೆ?"

"ಹೊಡಿ ಅಕ್ಕಾ, ಎಷ್ಟು ಬೇಕೋ ಹೊಡಿ. ಆದ್ರೆ ಭಾವನ್ನ ಇಳಿಯಕ್ಕೆ ಬುಡಬ್ಯಾಡ. ಒಲೇಲಿ ಉರಿಯೋ ಗ್ಯಾಸೇ ಅಲ್ವಾ ಗುಂಡೀಲಿರೋದು? ಒಲೆಗೆ ಕಡ್ಡಿ ಹಿಡಿದ್ರೆ ಭಗ್ ಅಂತದೆ. ಇಲ್ಲಿಗೆ ಹಿಡಿದ್ರೆ ಭಾವ ಉಳೀತಾರಾ, ನಾವು ಉಳೀತೀವಾ?"

"ಅದೆಲ್ಲಾ ನಿಂಗೆ ಯಾರೇ ಹೇಳಿದ್ದು?"

"ಹೆಂಗಸ್ರ ಸಂಘದಿಂದ ಗುಬ್ಬಿಗೆ ಟ್ರೈನಿಂಗ್ ಹೋಗಿರ್ಲಿಲ್ವಾ ನಾನು? ಅಲ್ಲಿ ಹೇಳಿದ್ರು."

ಆ ಟ್ರೈನಿಂಗಿಗೆ ವನಜಮ್ಮನನ್ನೂ ಕರೆದಿದ್ದರು. ಸಗಣಿ ಕಲಸಕ್ಕೂ ಟ್ರೈನಿಂಗಾ ಎಂದು ಅವಳು ನಕ್ಕು ಮನೆಯಲ್ಲೇ ಉಳಿದಿದ್ದಳು.

ಹನುಮಂತರಾಜು ಮುಖ ಒರೆಸಿಕೊಂಡ. ಅವನಿಗೆ ಅವಮಾನವಾಗಿತ್ತು; ಅವಮಾನವಾದ ಗಂಡಸಿಗೆ ಕಿವಿ ಕೇಳಿಸುವುದಿಲ್ಲ.

"ಸರಿ, ದೀಪ ಬ್ಯಾಡ. ಮೂಗಿಗೆ ಟವಲ್ ಬಿಗ್ದು ಹಂಗೇ ಇಳೀತೀನಿ. ಎರಡು ನಿಮಿಷದ ಕೆಲ್ಸ."

ಸಿದ್ದಲಕ್ಷ್ಮಮ್ಮ ಹೋಗಿ ಬಾಯಿಯ ಅಂಚಿನ ಚಪ್ಪಡಿಯ ಮೇಲೆ, ಇಳಿಯುವ ದಾರಿಗೆ ಅಡ್ಡ ಕೂತುಬಿಟ್ಟಳು.

"ಇಳೀರಿ ಭಾವ. ನನ್ನ ಕೈ ಹಿಡ್ದು ಎಳ್ದಾಕಿ ಇಳೀರಿ."

ತಮ್ಮನ ಹೆಂಡತಿಯ ಕೈ ಮುಟ್ಟುವುದುಂಟೇ? ಹನುಮಂತರಾಜು ಎರಡು ಹೆಜ್ಜೆ ಹಿಂದೆ ಸರಿದ. ವನಜಮ್ಮ ಅವಳನ್ನು ಎಬ್ಬಿಸಲು ಮುಂದೆ ಬಂದಳು. ಅಷ್ಟರಲ್ಲಿ ಪುಟ್ಟಗಂಗಮ್ಮ ಕೋಲೂರಿಕೊಂಡು ಹಿತ್ತಲಿಗೆ ಬಂದರು.

"ಮುಟ್ಟಬ್ಯಾಡ ಕಣೇ ಅವಳ್ನ. ಸುಮ್‌ಸುಮ್ನೆ ಭಾವನ ಮುಂದೆ ಹಿಂಗೆ ಕೂರೋ ಹೆಣ್ಣಲ್ಲ ಅದು. ಗುಂಡಿ ಕಟ್ಟಿದ ಕರಿಸಿದ್ದಪ್ಪ ಕೊತ್ತಗೆರೇಲೇ ಅವ್ನಲ್ಲ, ಅಂಗಡಿ ಫೋನಿಂದ ಅವನ್ನ ಕರೆಸಿ. ಅವ್ನು ಬರೋಗಂಟ ಯಾರೂ ಇಳಿಯಂಗಿಲ್ಲ, ಬೀಡೀನೂ ಹಚ್ಚಂಗಿಲ್ಲ."

ಕರಿಸಿದ್ದಪ್ಪ ಗಾರೆ ಮೇಸ್ತ್ರಿ. ಈ ಗುಂಡಿಗಳನ್ನು ಕಟ್ಟುವುದರಲ್ಲೇ ಕೂದಲು ನೆರೆತಿತ್ತು. ಒಂದು ಗಂಟೆಗೆಲ್ಲ ಲೂನಾ ಏರಿ ಬಂದವನು ಗಾಡಿಗೆ ಸ್ಟ್ಯಾಂಡು ಹಾಕದೆಯೇ ಕೇಳಿದ:

"ಯಾರಾದ್ರೂ ಇಳ್ದವ್ರಾ?"

"ಯಾರೂ ಇಳ್ದಿಲ್ಲ," ಎಂದರು ಪುಟ್ಟಗಂಗಮ್ಮ.

ಕರಿಸಿದ್ದಪ್ಪ ಉಸ್ಸೆಂದು ನೆಲದ ಮೇಲೆ ಕೂತ. ಸಿದ್ದಲಕ್ಷ್ಮಮ್ಮ ನಡೆದದ್ದೆಲ್ಲ ಹೇಳಿದಳು. ಅವನು ವನಜಮ್ಮನ ಕಡೆ ತಿರುಗಿದ.

"ನೀನು ನಂಬಿದ್ಯೇನಮ್ಮ?"

"ಹೆಂಗೆ ನಂಬ್ಲಿ? ಬಾಯಿ ತೆಗ್ದು ಇಷ್ಟೊತ್ತಾಯ್ತು, ಇದ್ದ ಗ್ಯಾಸೆಲ್ಲಾ ಹಾರೋಗಿರಲ್ವಾ?"

"ಹಂಗಾರೆ ಒಂದು ಕೋಳಿ ಕೊಡು."

ಅಂಗಳದಲ್ಲಿ ಮೇಯುತ್ತಿದ್ದ ಕೆಂದ ಕೋಳಿಯನ್ನು ಅವನು ಸಗಣಿ ಹೊರುವ ಬುಟ್ಟಿ, ಮಂಕರಿಯಲ್ಲಿ ಹಾಕಿ ಬಲೆ ಮುಚ್ಚಿದ. ಬಿದಿರ ಗಳುವಿನ ತುದಿಗೆ ಕಟ್ಟಿ, ತಾನು ದೂರ ನಿಂತು ಕಮಾನಿನ ಕಿಂಡಿಯೊಳಕ್ಕೆ ಚಾಚಿದ. ಕೋಳಿ ಒಮ್ಮೆ ರೆಕ್ಕೆ ಬಡಿಯಿತು, ಇನ್ನೊಮ್ಮೆ ಬಡಿಯಿತು. ಆಮೇಲೆ ಸದ್ದಿಲ್ಲ. ನೂರು ಎಣಿಸುವಷ್ಟು ಹೊತ್ತು ಬಿಟ್ಟು ಈಚೆಗೆ ಎಳೆದ. ಕೋಳಿಯ ಕತ್ತು ಬಲೆಯ ಕೆಳಗೆ ವಾಲಿಬಿದ್ದಿತ್ತು.

"ಗ್ಯಾಸು ಸ್ವಲ್ಪ ಹಾರೈತೆ, ವಿಷಗಾಳಿ ತಳದಲ್ಲೇ ಕೂತೈತೆ," ಎಂದ ಕರಿಸಿದ್ದಪ್ಪ. "ಇದ್ರ ಜಾಗದಲ್ಲಿ ನಿನ್ ಗಂಡ ಇರ್ತಿದ್ದ ಕಣಮ್ಮ. ಅವನ್ನ ಎತ್ತಕ್ಕೆ ಪಕ್ಕದ ಮನೆಯೋನು ಇಳಿಯೋನು. ಅವನ್ನ ಎತ್ತಕ್ಕೆ ಇನ್ನೊಬ್ಬ. ಈ ಗುಂಡಿ ಒಬ್ಬರನ್ನೇ ತಗಂಡು ಸುಮ್ನಾಗಲ್ಲ."

ವನಜಮ್ಮ ಕೋಳಿಯನ್ನು ನೋಡಿದಳು. ಸಗಣಿ ಮೆತ್ತಿಕೊಂಡು ನಿಂತಿದ್ದ ಗಂಡನನ್ನು ನೋಡಿದಳು.

"ಇಳಿ ಅಂತ ಹಂಗಿಸಿದೋಳು ನಾನೇ. ಕಡ್ಡಿಪೆಟ್ಗೆ ತಂದ್ಕೊಟ್ಟೋಳೂ ನಾನೇ," ಎಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅವಳನ್ನು ಹಿಡಿದು ಕೂರಿಸಿದವಳು ಜುಟ್ಟು ಬಿಚ್ಚಿಹೋಗಿದ್ದ ಸಿದ್ದಲಕ್ಷ್ಮಮ್ಮನೇ.

ಅಳು ನಿಂತಮೇಲೆ ಕರಿಸಿದ್ದಪ್ಪ ಲೆಕ್ಕಕ್ಕೆ ಕೂತ.

"ಗುಂಡಿಗೆ ಏನೂ ಆಗಿಲ್ಲ. ನಾನು ಕಟ್ಟಿದಾಗ ನಿಮ್ಮನೇಲಿ ಉಣ್ಣೋರು ಏಳು ಜನ, ಹಟ್ಟೀಲಿ ಹಸ ಆರು. ಈಗ?"

ಪುಟ್ಟಗಂಗಮ್ಮ ಬೆರಳು ಮಡಿಸಿದರು. ದೊಡ್ಡ ಮಗನ ಮನೆಯಲ್ಲಿ ತಾವೂ ಸೇರಿ ಏಳು, ಚಿಕ್ಕವನ ಮನೆಯಲ್ಲಿ ಆರು. ಹದಿಮೂರು ಬಾಯಿ. ಹಸು ಅಣ್ಣನ ಕಡೆ ಎರಡು, ತಮ್ಮನ ಕಡೆ ಒಂದು.

"ದಿನಕ್ಕೆ ಆರು ಮಂಕರಿ ಸಗಣಿ ಬೇಕಾದ ಗುಂಡಿ. ಮೂರು ಹಸಕ್ಕೆ ಮೂರು ಮಂಕರಿ ಬತ್ತದೆ. ಅದಾದ್ರೂ ಪೂರ್ತಿ ಬೀಳ್ತೈತಾ?"

ವನಜಮ್ಮ ತಲೆ ತಗ್ಗಿಸಿದಳು. "ನಮ್ದು ಎರಡು ಹಸ, ಅವಳ್ದು ಒಂದು. ಗ್ಯಾಸು ಮಾತ್ರ ಸಮಪಾಲು. ನನ್ ಹಸದ ಸಗಣಿ ಅವಳ ಒಲೇಲಿ ಯಾಕೆ ಉರೀಬೇಕು ಅಂತ ಒಂದು ಮಂಕರಿ ಬೆರಣಿ ತಟ್ತಿದ್ದೆ."

"ಅಕ್ಕ ತಟ್ಟೋದು ನೋಡಿ ನಾನೂ ಅರ್ಧ ಮಂಕರಿ ತಿಪ್ಪೆಗೆ ಹಾಕ್ತಿದ್ದೆ," ಎಂದಳು ಸಿದ್ದಲಕ್ಷ್ಮಮ್ಮ ಮೆಲ್ಲಗೆ.

ಆರು ಮಂಕರಿಯ ಗುಂಡಿಗೆ ಒಂದೂವರೆ ಮಂಕರಿ! ಕಳ್ಳಿ ಯಾರು ಎಂದು ಈಗ ಯಾರನ್ನು ಕೇಳುವುದು?

"ಇನ್ನು ಮೂರು ಹಸ ಕಟ್ಟಿದ್ರೆ?" ಎಂದ ಹನುಮಂತರಾಜು.

"ಮೇವೆಲ್ಲಿ ತತ್ತೀಯ? ಗೋಮಾಳ ಇದ್ದಾಗ ಆರು ಹಸ ಇದ್ವು. ಈಗ ಅಲ್ಲಿ ನಲವತ್ತು ಮನೆ ಎದ್ದವೆ. ಅವ್ರನ್ನ ಬೈಯಂಗಿಲ್ಲ, ಅವ್ರೂ ನಮ್ಮೂರ ಮಕ್ಕಳೇ, ಎಲ್ಲಿಗೋಗ್ತಾರೆ? ಜನ ಬೆಳೀತಾರೆ, ಭೂಮಿ ಬೆಳೆಯಲ್ಲ. ಸಗಣಿ ಗ್ಯಾಸು ಪುಗಸಟ್ಟೆ ಅಂತೀರಲ್ಲ, ಪುಗಸಟ್ಟೆ ಅಲ್ಲ. ಹಸ ಬೇಕು, ಹಸಕ್ಕೆ ಹುಲ್ಲು ಬೇಕು, ಹುಲ್ಲಿಗೆ ಜಾಗ ಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕು."

"ಮುಂದೇನು ಮಾಡಾದು ಹೇಳಪ್ಪ," ಎಂದರು ಪುಟ್ಟಗಂಗಮ್ಮ.

"ಯಾರೂ ಒಳಗೆ ಇಳೀದೇ ಮತ್ತೆ ತುಂಬಿ. ಮೂರು ಹಸದ ಸಗಣೀನೂ ಬೀಳ್ಲಿ, ಅಷ್ಟೇ ನೀರು ಕಲಸಿ. ಬೆರಣಿ ಬ್ಯಾಡ. ಗೊಬ್ರಕ್ಕೆ ಮೋಸ ಇಲ್ಲ, ಈಚೆಗೆ ಬರೋ ಬಗ್ಗಡ ಹೊಲಕ್ಕೇ ಹೋಗ್ತದೆ. ಉರಿ ಬರಕ್ಕೆ ತಿಂಗಳು ಹಿಡೀತದೆ. ಬಂದ್ರೂ ಎರಡು ಮನೆ ಅಡುಗೆ ಪೂರ್ತಿ ಆಗಲ್ಲ. ಸಾರು, ಹಾಲು, ಮಕ್ಕಳ ಅನ್ನ ಆಗ್ತದೆ. ಮುದ್ದೆಗೂ ಸ್ನಾನದ ನೀರಿಗೂ ಹೊಗೆಯಿಲ್ಲದ ಒಲೆ ಹಾಕಿಕೊಡ್ತೀನಿ, ತೆಂಗಿನ ಗರಿ ಸಾಕು. ಕಕ್ಕಸಿನ ಪೈಪು ಗುಂಡಿಗೆ ಜೋಡಿಸಿದ್ರೆ ಇನ್ನೊಂಚೂರು ಜಾಸ್ತಿ ಬತ್ತದೆ."

"ಥೂ! ಅದನ್ನ ನಾನು ಸತ್ತ ಮ್ಯಾಲೆ ಜೋಡಿಸ್ಕಳಿ," ಎಂದರು ಪುಟ್ಟಗಂಗಮ್ಮ. ಆ ಒಂದು ವಿಷಯದಲ್ಲಿ ಅವರನ್ನು ಒಪ್ಪಿಸಲು ಅವತ್ತು ಕರಿಸಿದ್ದಪ್ಪನಿಂದಲೂ ಆಗಲಿಲ್ಲ.

ಮಿಕ್ಕದ್ದೆಲ್ಲ ಆಯಿತು. ಸಂಜೆ ರಂಗರಾಜು ಬಸ್ಸಿಳಿದು ಬಂದಾಗ ಅಣ್ಣ ತಮ್ಮ ಸೇರಿ ಚಪ್ಪಡಿ ಮುಚ್ಚಿದರು. ಗೋಡೆ ಹಾಗೇ ಇದೆ, ಬೇರೆಯಾದವರು ಬೇರೆಯೇ. ಆದರೆ ಸಗಣಿ ಬೆಳಿಗ್ಗೆ ಒಟ್ಟಿಗೆ ಬೀಳುತ್ತದೆ, ವಾರಗಿತ್ತಿಯರು ಒಟ್ಟಿಗೆ ಕಲಸುತ್ತಾರೆ. ಇನ್ನು ನಮ್ಮ ಎರಡು ಮನೆಯಲ್ಲೂ ತೊಟ್ಟಿಲು ಕಟ್ಟುವುದಿಲ್ಲ ಎಂದು ಇಬ್ಬರೂ ಗಂಡಂದಿರಿಗೆ ಹೇಳಿಯೂ ಆಯಿತು. ಸಂಘದವರು ಮುಂದಿನ ಟ್ರೈನಿಂಗಿಗೆ ಹೆಸರು ಕೇಳಿದಾಗ ವನಜಮ್ಮ ಮೊದಲು ಕೈ ಎತ್ತಿದಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮಡಿಚಿಡುವ ಮೊದಲು ನಿಮ್ಮ ಹಿತ್ತಲಿಗೆ ಒಮ್ಮೆ ಹೋಗಿ ಬನ್ನಿ. ನಿಮ್ಮ ಮನೆಯಲ್ಲಿ ಉಣ್ಣುವವರೆಷ್ಟು, ಹಸು ಎಷ್ಟು, ಗುಂಡಿಗೆ ಬೀಳುವ ಸಗಣಿ ಎಷ್ಟು ಎಂದು ಎಣಿಸಿ. ಉರಿ ಕಡಿಮೆಯಾದರೆ ಪಕ್ಕದವರ ಮೇಲೆ ಹರಿಹಾಯುವ ಮೊದಲು ನಿಮ್ಮ ಮಂಕರಿ ನೋಡಿಕೊಳ್ಳಿ. ಮನೆ ಪಾಲಾಗುವಾಗ ಗುಂಡಿಯ ಸಗಣಿಯನ್ನು ಪಾಲು ಮಾಡಬೇಡಿ. ಗುಂಡಿಯ ಹತ್ತಿರ ದೀಪ, ಬೀಡಿ, ಕಡ್ಡಿ ಬೇಡ. ಏನೇ ಕೆಟ್ಟರೂ ತರಬೇತಿಯಾದ ಮೇಸ್ತ್ರಿಯನ್ನು ಕರೆಸಿ, ನೀವು ಒಳಗೆ ಇಳಿಯಬೇಡಿ. ಇಳಿದೇ ತೀರುತ್ತೇನೆ ಎಂದು ನಿಮ್ಮವರು ಹಟ ಹಿಡಿದರೆ ನಾಚಿಕೆ, ಮರ್ಯಾದೆ ನೋಡದೆ ಅಡ್ಡ ಕೂತುಬಿಡಿ. ಬೈದರೆ ಬೈಯಲಿ ಬಿಡಿ, ಬೈಯುವುದಕ್ಕೆ ಅವರು ಉಳಿದಿರುತ್ತಾರಲ್ಲ.