ಅಣ್ಣನ ಅಳತೆಯ ಕೋಟು

ಕೋಟಿನ ಹೆಗಲಿಗೆ ಕೊನೆಯ ಗುಂಡುಸೂಜಿ ಚುಚ್ಚಿ ಪುಟ್ಟಿ ಹಿಂದೆ ಸರಿದಳು. ರೂಪದರ್ಶಿ ಹುಡುಗಿ ಹೊಲಿಗೆಕೋಣೆಯ ಉದ್ದಕ್ಕೂ ನಡೆದು ತೋರಿಸಿದಳು. ಗಂಡಸರ ಕೋಟಿನದೇ ಕಟ್ಟು, ಮೊಣಕೈವರೆಗೆ ಮಡಿಸಿದ ತೋಳು, ಸಡಿಲ ಪ್ಯಾಂಟು, ಲೇಸು ಕಟ್ಟಿದ ಚಪ್ಪಟೆ ಅಟ್ಟೆಯ ಕಂದು ಬೂಟು. ಯಂತ್ರ ತುಳಿಯುತ್ತಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಬಾಗಿಲ ಬಳಿ ಕೂತಿದ್ದ ಅತ್ತೆ ಮಾತ್ರ ಒಮ್ಮೆ ನೋಡಿ ಮುಖ ತಿರುಗಿಸಿದಳು.

ಆ ಉಡುಪಿನ ಮಾದರಿ ಅತ್ತೆಯದೇ. ತಾಯಿ ಹೆರಿಗೆಯಲ್ಲೇ ಕಣ್ಣುಮುಚ್ಚಿ, ತಂದೆಯೂ ಪುಟ್ಟಿಗೆ ಬುದ್ಧಿ ತಿಳಿಯುವ ಮುಂಚೆಯೇ ತೀರಿಕೊಂಡಾಗ, ಅವಳನ್ನು ಎತ್ತಿ ಸಾಕಿದವಳು ತಂದೆಯ ಈ ತಂಗಿ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಅತ್ತೆ ಇದೇ ವೇಷದಲ್ಲಿ ಹೋಗಿಬರುತ್ತಿದ್ದಳು. ಬೀದಿಯವರು ಗಂಡುಬೀರಿ ಎಂದು ಬಾಯಿ ಚಪಲ ತೀರಿಸಿಕೊಳ್ಳುತ್ತಿದ್ದರು. ಯಾರಿಗೂ ಸೊಪ್ಪು ಹಾಕದ ಹೆಂಗಸು ನನ್ನತ್ತೆ ಎಂದು ಪುಟ್ಟಿಗೆ ಒಳಗೊಳಗೇ ಹೆಮ್ಮೆ. ಹೊಸ ಮಾದರಿಗಾಗಿ ತಲೆ ಕೆಡಿಸಿಕೊಂಡಿದ್ದಾಗ ಆ ಹೆಮ್ಮೆಯೇ ಅವಳ ಕೈ ಹಿಡಿದಿತ್ತು. ಹೊಲಿಗೆಯಂಗಡಿಯ ಯಜಮಾನ್ತಿಯೂ ಕುಣಿದಾಡಿ, 'ಯಾರಿಗೂ ಹೆದರದ ಹೆಣ್ಣಿನ ಉಡುಪು' ಎಂದೇ ಜಾಹೀರಾತು ಬರೆಸಿದ್ದಳು.

ಅತ್ತೆ ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತಿದ್ದಳು. ಪುಟ್ಟಿ ಪಕ್ಕದಲ್ಲಿ ಕೂತು, ಹಿಡಿಸಲಿಲ್ಲವೇ ಎಂದು ಕೇಳಿದಳು.

"ಚೆನ್ನಾಗಿ ಹೊಲಿದಿದ್ದೀಯ. ಆದ್ರೆ ನಾನು ಅದನ್ನ ಧೈರ್ಯಕ್ಕೆ ಹಾಕ್ಕೊಂಡವಳಲ್ಲ ಪುಟ್ಟಿ."

ಆಮೇಲೆ ಹೇಳತೊಡಗಿದಳು. ಅಣ್ಣ ಹೋದ ಮೇಲೆ ಮಗು ಸಂಜೆಯಾದರೆ ಬಾಗಿಲಿಗೆ ಆತುಕೊಂಡು ಕೂರುತ್ತಿತ್ತು. ಏನು ಕೊಟ್ಟರೂ ಬಾಯಿ ತೆರೆಯುತ್ತಿರಲಿಲ್ಲ. ಮೈ ಇಳಿದು ಕಡ್ಡಿಯಾಗಿತ್ತು. ನೋಡಲಾರದೆ ಅತ್ತೆ ಒಂದು ಸಂಜೆ ಅಣ್ಣನ ಕೋಟು, ಪ್ಯಾಂಟು ತೊಟ್ಟಳು. ಅವನ ಬೂಟಿನ ತುದಿಗೆ ಬಟ್ಟೆ ತುರುಕಿ ಕಾಲಿಗೆ ಹಾಕಿಕೊಂಡಳು. ಹಿತ್ತಲಿನಿಂದ ಹೊರಬಿದ್ದು, ಬಳಸಿ ಬಂದು ಮುಂದಿನ ಮೆಟ್ಟಿಲು ಹತ್ತಿದಳು. ಬೂಟಿನ ಸದ್ದಿಗೆ ಮಗು ಓಡಿಬಂದು ಅವಳ ಕಾಲು ತಬ್ಬಿಕೊಂಡಿತು. ಮುಖ ನೋಡಿದ ಮೇಲೂ ಬಿಡಲಿಲ್ಲ. ಅಂದು ಹೊಟ್ಟೆ ತುಂಬ ಉಂಡಿತು. ಮರುದಿನವೂ ಅದೇ ಆಯಿತು. ಮೆಲ್ಲಗೆ ಅದೇ ಅತ್ತೆಯ ಉಡುಪಾಯಿತು.

ರಟ್ಟಿನ ಅಂಗಡಿಯಲ್ಲಿ ಒಬ್ಬರು ಅವಳನ್ನು ಮದುವೆಯಾಗುವೆನೆಂದು ಕೇಳಿದ್ದರಂತೆ. ಮಗುವನ್ನೂ ನೋಡಿಕೊಳ್ಳುತ್ತೇನೆ, ಈ ವೇಷವೊಂದನ್ನು ಬಿಡು ಎಂದಿದ್ದರಂತೆ. ಸ್ವಲ್ಪ ಕಾಲ ಕಾದು, ಬೇರೆ ಕಡೆ ಮದುವೆಯಾದರಂತೆ.

"ನಾನು ದೊಡ್ಡವಳಾದ ಮೇಲಾದ್ರೂ ಬಿಡಬಹುದಿತ್ತಲ್ಲ ಅತ್ತೆ?"

"ನೀನು ಮರೆತೆ. ಮಕ್ಕಳು ಮರೀಬೇಕು, ಅದು ಸರಿಯೇ. ಆದ್ರೆ ನಾನೂ ಬಿಚ್ಚಿಟ್ರೆ ಅಣ್ಣ ಇನ್ನೊಂದು ಸಲ ಹೋದ ಹಾಗೆ ಅನ್ನಿಸ್ತು."

ಪುಟ್ಟಿ ಅಪ್ಪನ ಮುಖವನ್ನು ನೆನಪಿಸಿಕೊಳ್ಳಲು ನೋಡಿದಳು. ಏನೂ ನೆನಪಿಗೆ ಬರಲಿಲ್ಲ.

ಜಾಹೀರಾತಿನ ಸಾಲು ತೆಗೆಸಲು ಅವಳು ಯಜಮಾನ್ತಿಯನ್ನು ಕೇಳಿಕೊಂಡಳು. ಮಾಲು ಹೋಗುವುದೇ ಆ ಸಾಲಿನಿಂದ ಎಂದು ಆಕೆ ಒಪ್ಪಲಿಲ್ಲ. ಆಕೆ ಎಂದಂತೆಯೇ ಉಡುಪು ಬಿಸಿ ದೋಸೆಯಂತೆ ಖರ್ಚಾಯಿತು. ಚಳಿಗಾಲ ಬರುವ ಹೊತ್ತಿಗೆ ಬೀದಿಯ ತುಂಬ ದೊಗಲೆ ಕೋಟಿನ ಹುಡುಗಿಯರು. ಅವರ ನಡುವೆ ಅತ್ತೆ ನಡೆದುಹೋದರೆ ಈಗ ಯಾರೂ ನಗುತ್ತಿರಲಿಲ್ಲ.

ರಜೆಯ ದಿನವೊಂದರಲ್ಲಿ ಪುಟ್ಟಿ ಟೇಪು ಹಿಡಿದು ಅತ್ತೆಯೆದುರು ನಿಂತಳು. ನಿನಗೆ ಅಂತ ಒಂದು ಉಡುಪು ಹೊಲಿಯುತ್ತೇನೆ, ಎಂಥದು ಬೇಕು ಹೇಳು ಎಂದಳು. ಅತ್ತೆ ಮೊದಲು ಬೇಡವೆಂದಳು. ಆಮೇಲೆ, ನೆಲ ನೋಡುತ್ತ, ಹಸಿರು ಎಂದಳು. ಸೊಂಟದ ಹತ್ತಿರ ಹಿಡಿದಂತಿರಬೇಕು, ತೋಳು ಗಿಡ್ಡ ಇರಲಿ ಎಂದಳು.

ಹೊಲಿದು ತಂದ ದಿನ ಅತ್ತೆ ಅದನ್ನು ತೊಟ್ಟು ಬರಿಗಾಲಲ್ಲಿ ಕನ್ನಡಿಯ ಮುಂದೆ ನಿಂತಳು. ಟೇಪಿನಲ್ಲಿ ಅಳೆದಿದ್ದರೂ, ಹೆಗಲು ಎಷ್ಟು ಚಿಕ್ಕದೆಂದು ಪುಟ್ಟಿ ಕಣ್ಣಾರೆ ಕಂಡದ್ದು ಆಗಲೇ. ಅತ್ತೆಯ ಎರಡೂ ಕೈ ಮೆಲ್ಲಗೆ ಪಕ್ಕೆಯಿಂದ ಕೆಳಗಿಳಿದವು. ಕೋಟಿನ ಜೇಬಿರಬೇಕಾದ ಜಾಗದಲ್ಲಿ ಬಟ್ಟೆಯನ್ನು ತಡವುತ್ತ, ಒಳಗೆ ಹೋಗಲು ದಾರಿ ಹುಡುಕುತ್ತ ಅಲ್ಲೇ ಆಡುತ್ತಿದ್ದವು.