ಮುದುಕಿಯರ ಹೆಸರು

"ಮಾಂಯ್, ಆ ಕಸೂತಿ ಅಲ್ಲಿಗೇ ನಿಲ್ಲಿಸ್ತೀರಾ?" ಎಂದಳು ಲವಿನಾ.

ರೆಜಿನಾಬಾಯಿ ತಲೆ ಎತ್ತಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದ ಬಿಳಿ ಫ್ರಾಕಿನ ಎದೆಯ ಮೇಲೆ ನೀಲಿ ನೂಲಿನ 'ರೆ' ಅಕ್ಷರ ಮುಕ್ಕಾಲು ಮೂಡಿತ್ತು. ಸೊಸೆಯ ಮಾತನ್ನು ಆಕೆ ಮೊದಲು ಕಾಳಜಿ ಎಂದುಕೊಂಡಳು. "ಕಣ್ಣಿಗೆ ಎಂತ ಆಗುವುದಿಲ್ಲ ಮಾರಾಯ್ತಿ. ಶನಿವಾರದೊಳಗೆ ಮುಗೀಬೇಕಲ್ಲ."

"ಕಣ್ಣಿಗಲ್ಲ ಮಾಂಯ್. ಹೆಸರು... ಬೇರೆ ಇಡುವ ಅಂತ."

ಸೂಜಿ ನಿಂತಿತು. ಹಾಸಿಗೆಯ ಮೇಲೆ ಮಲಗಿದ್ದ ಮಗು ಮಾತ್ರ ಕಾಲು ಬಡಿಯುತ್ತಲೇ ಇತ್ತು. ಶಿರ್ವದ ಇವರ ಮನೆತನದಲ್ಲಿ ಚೊಚ್ಚಲ ಮಗುವನ್ನು ಜ್ಞಾನಸ್ನಾನಕ್ಕೆ ಎತ್ತಿ ಹಿಡಿದು ಫಾದರಿಗೆ ಹೆಸರು ಹೇಳುವ ಗಾಡ್‌ಮದರ್ ಗಂಡಿನ ತಾಯಿಯೇ. ಮಗು ಹೆಣ್ಣಾದರೆ ಆಕೆಯ ಹೆಸರೇ. ರೆಜಿನಾಬಾಯಿಯ ದೊಡ್ಡ ಮಗಳಿಗೆ ತಂದೆಯ ತಾಯಿಯ ಹೆಸರು ಬಂದದ್ದು ಹಾಗೆ. ಆ ದಿನ ಜ್ಞಾನಸ್ನಾನದ ತೊಟ್ಟಿಯ ಬಳಿ ಸುಮ್ಮನೆ ನಿಂತಿದ್ದವಳು ತನ್ನ ಸರದಿಗೆ ಕಾದಿದ್ದಳು. ಮೊಮ್ಮಗಳು ಹುಟ್ಟಿದ ಸುದ್ದಿ ಬಂದದ್ದೇ ತಡ, ಬಾಫತ್ ಮಸಾಲೆ ಪುಡಿ, ಒಣಮೀನು, ಫ್ರಾಕಿನ ಬಟ್ಟೆ ಎಲ್ಲ ಕಟ್ಟಿಕೊಂಡು ವಿಸಿಟ್ ವೀಸಾದಲ್ಲಿ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಈ ಒಂದೇ ಕೋಣೆಯ ಫ್ಲ್ಯಾಟಿಗೆ ಬಂದಿಳಿದಿದ್ದಳು.

"ಬೇರೆ ಅಂದ್ರೆ ಯಾವುದು? ಕೆಳಗಿನ ಮನೆಯವರ ಹಾಗೆ ರಿಯಾನಾ, ಕಿಯಾನಾ ಅಂತವಾ?"

"ಅಲ್ಲ. ಪಿಲಾರ್."

ರೆಜಿನಾಬಾಯಿ ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಅಡುಗೆಯ ಮೂಲೆಯಲ್ಲಿ ಚಹಾ ಸೋಸುತ್ತಿದ್ದ ಮಗನ ಕಡೆ ತಿರುಗಿದಳು. "ವಿಲ್ಸನ್, ಕೇಳಿದೆಯಾ? ಪಿಲಾರ್ ನಮ್ಮ ಶಿರ್ವದ ಹತ್ತಿರದ ಊರಲ್ವಾ? ಮಗುವಿಗೆ ಬಸ್ ಸ್ಟಾಪಿನ ಹೆಸರು! ತಂಗಿ ಹುಟ್ಟಿದರೆ ಬೆಳ್ಮಣ್ ಅಂತ ಇಡಿ!"

"ಅದು ಸ್ಪೇನಿನ ಹೆಸರು ಮಮ್ಮಿ," ವಿಲ್ಸನ್ ಲೋಟ ತಂದಿಟ್ಟ. ಇಬ್ಬರ ನಡುವೆ ಸಿಕ್ಕಿಬಿದ್ದ ಗಂಡಸಿನ ನಗು ಅವನ ಮುಖದಲ್ಲಿತ್ತು. "ಡ್ಯಾಡಿಯ ಹೆಸರು ಆಲ್ಫೋನ್ಸ್ ಅಂತಲ್ವಾ, ಅದೂ ಸ್ಪೇನಿನ ರಾಜರು ಇಟ್ಟುಕೊಳ್ತಿದ್ದ ಹೆಸರೇ."

"ರಾಜ! ನಿನ್ನ ಡ್ಯಾಡಿಗೆ ಬೀಡಿಗೆ ಬೆಂಕಿ ಹಚ್ಚಲಿಕ್ಕೂ ನಾನೇ ಬೇಕಿತ್ತು." ಆಕೆ ಫ್ರಾಕನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. "ಯಾರದ್ದು ಈ ಹೆಸರು? ಸರಿಯಾಗಿ ಹೇಳಿ."

"ನನ್ನ ಹೋಟೆಲಿನ ಫ್ರೆಂಡ್‌ದು. ಫಿಲಿಪೀನ್ಸಿನವಳು. ಲಾಂಡ್ರಿಯಲ್ಲಿದ್ದಾಳೆ."

"ಲಾಂಡ್ರಿಯವಳ ಹೆಸರು," ಎಂದಷ್ಟೇ ಅಂದಳು ರೆಜಿನಾಬಾಯಿ. ಅದರ ಮುಂದೆ ಲವಿನಾ ಏನು ಹೇಳಿದರೂ ಆಕೆಯ ಕಿವಿಗೆ ಹೋದಂತೆ ಕಾಣಲಿಲ್ಲ.

ಹೇಳುವುದು ಬಹಳವಿತ್ತು. ಲವಿನಾ ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲಿ ರಿಸೆಪ್ಶನಿನ ಹುಡುಗಿಯರು ಕೂರುವಂತಿರಲಿಲ್ಲ. ಕೂತರೆ ಸೋಮಾರಿತನ ಕಾಣುತ್ತದಂತೆ. ಆ ಲಾಬಿಯಲ್ಲಿ ಹೂಕುಂಡಕ್ಕೂ ಒಂದು ಸ್ಟೂಲು ಇತ್ತು. ಬಸುರಿ ಹೆಂಗಸಿಗೆ ಇರಲಿಲ್ಲ. ಲವಿನಾಳ ಕಾಲು ಬಾತು ಬೂಟಿನೊಳಗೆ ಹೋಗದಂತಾದ ದಿನ, ಮಡಚಿದ ಚಾದರಗಳ ಗಾಡಿಯಲ್ಲಿ ಬ್ಯಾಂಕ್ವೆಟ್ ಹಾಲಿನ ಕುರ್ಚಿಯೊಂದನ್ನು ಹೇರಿಕೊಂಡು ಬಂದು ಡೆಸ್ಕಿನ ಹಿಂದೆ ಇಟ್ಟವಳು ಲಾಂಡ್ರಿಯ ಪಾಮ್. ಮ್ಯಾನೇಜರ್ ತೆಗೆಸಿದ. ಮರುದಿನ ಅವಳು ಮತ್ತೆ ತಂದಳು. ಅವನು ಮತ್ತೆ ತೆಗೆಸಿದ, ಅವಳು ಮತ್ತೆ ತಂದಳು. ಕೊನೆಗೆ ಮುಖ್ಯ ಕಚೇರಿಯವರು ಬಂದ ದಿನ ಅವರ ಎದುರಿಗೇ ಗಾಡಿ ತಳ್ಳಿಕೊಂಡು ಬಂದಳು. ನಾಚಿಕೆ ಹುಟ್ಟಿದ್ದು ಯಾರಿಗೋ ಗೊತ್ತಿಲ್ಲ, ಕುರ್ಚಿ ಉಳಿಯಿತು. ಪಾಮ್‌ಳನ್ನು ಮಾತ್ರ ಊರಾಚೆಯ ಇನ್ನೊಂದು ಕಟ್ಟಡದ ಲಾಂಡ್ರಿಗೆ ಸಾಗಹಾಕಿದರು. ಹೊರಡುವಾಗ ಎದೆಯ ಬ್ಯಾಡ್ಜು ಬಿಚ್ಚಿ ಅವಳು ನಕ್ಕಿದ್ದಳು: "ಪಾಮ್ ಅಂತ ಇಟ್ಟವರು ಇವರು. ಗೆಸ್ಟುಗಳಿಗೆ ಸುಲಭವಾಗಲಿ ಅಂತ. ನನ್ನ ಹೆಸರು ಪಿಲಾರ್." ದಿನವೂ ಒಟ್ಟಿಗೆ ಉಂಡವಳ ಹೆಸರು ಲವಿನಾಗೆ ತಿಳಿದದ್ದು ಆವತ್ತು. ಚಾದರ ಒಗೆಯಲು ಕರೆಸಿಕೊಂಡವರು ಹೆಸರನ್ನೂ ಒಗೆದು ಬಿಳುಪು ಮಾಡಿದ್ದರು.

ಮರುದಿನ ಸಂಜೆ ಪಿಲಾರ್ ಮಗುವನ್ನು ನೋಡಲು ಬಂದಳು. ಗಿಡ್ಡ ದೇಹ, ನರೆ ಇಣುಕುವ ಜುಟ್ಟು, ಕೈಯಲ್ಲಿ ಬಿಸಿ ನೂಡಲ್ಸಿನ ದೊಡ್ಡ ಡಬ್ಬಿ. "ಯಲ್ಲಾ, ಯಲ್ಲಾ, ಎಲ್ಲಿ ನನ್ನ ಬೇಬಿ?" ಎಂದು ಅರಬ್ಬಿ ಬೆರೆಸಿ ಅವಸರಿಸುತ್ತ ಚಪ್ಪಲಿ ಕಳಚಿದವಳು ರೆಜಿನಾಬಾಯಿಯನ್ನು ಕಂಡು, ಆಕೆಯ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. "ಲೋಲಾ!"

"ಎಂತ ಹೇಳಿದ್ದು ಇವಳು?"

"ಅವರಲ್ಲಿ ಅಜ್ಜಿಗೆ ಲೋಲಾ ಅಂತಾರೆ ಮಾಂಯ್. ದೊಡ್ಡವರ ಕೈ ಹಣೆಗೆ ಒತ್ತಿಕೊಳ್ಳುವುದು ಮರ್ಯಾದೆ."

ಬಿಗಿದುಕೊಂಡೇ ಇರಬೇಕೆಂದು ನಿಶ್ಚಯಿಸಿದ್ದ ರೆಜಿನಾಬಾಯಿಗೆ ಕೈಯನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ನೀರುದೋಸೆ ತಂದಿಟ್ಟಳು. ಪಿಲಾರ್ ಕೋಳಿ ಸಾರಿನಲ್ಲಿ ಅದ್ದಿಕೊಂಡು ತಿನ್ನುತ್ತ, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಇನ್ನೊಂದು ಕೇಳಿದಳು. ಅದು ರೆಜಿನಾಬಾಯಿಗೆ ಇಷ್ಟವಾಯಿತು. ತೋರಿಸಿಕೊಳ್ಳಲಿಲ್ಲ.

ಪಿಲಾರ್‌ಳ ಇಂಗ್ಲಿಷನ್ನು ಲವಿನಾ ಅತ್ತೆಗೆ ದಾಟಿಸುತ್ತಿದ್ದಳು. ಹೆಸರಿನ ಮಾತು ತೆಗೆದದ್ದು ರೆಜಿನಾಬಾಯಿಯೇ. "ಕೇಳು ಅವಳನ್ನು. ಈ ಪಿಲಾರ್ ಅಂದರೆ ಎಂತದು?"

"ಕಂಬ," ಎಂದಳು ಪಿಲಾರ್. ಎರಡು ಕೈಯಲ್ಲಿ ಗಾಳಿಯಲ್ಲೊಂದು ಕಂಬ ಕಟ್ಟಿದಳು. "ಸಂತ ಯಾಕೋಬರು ಸ್ಪೇನಿಗೆ ಹೋಗಿದ್ದರಂತೆ, ಬೋಧನೆ ಮಾಡಲು. ಯಾರೂ ಕೇಳಲಿಲ್ಲ. ಸಾರಗೋಸಾ ಅಂತ ಊರು. ಅಲ್ಲಿ ನದಿಯ ದಡದಲ್ಲಿ ಸೋತು ಕೂತಿದ್ದಾಗ ಮರಿಯಮ್ಮನವರು ಕಲ್ಲಿನ ಕಂಬದ ಮೇಲೆ ನಿಂತು ಕಾಣಿಸಿಕೊಂಡರು. ಹೆದರಬೇಡ, ನನಗೆ ಇಲ್ಲೊಂದು ಮನೆ ಕಟ್ಟು ಅಂದರು. ಆಮೇಲೆ ಆ ದೇಶದಲ್ಲಿ ಹೆಣ್ಣು ಹುಟ್ಟಿದರೆ ಮರಿಯಾ ದೆಲ್ ಪಿಲಾರ್, ಕಂಬದ ಮರಿಯ. ಹಡಗು ಹತ್ತಿ ನಮ್ಮ ಊರಿಗೂ ಬಂತು ಹೆಸರು. ಜಾಂಬೊವಾಂಗಾದ ಕೋಟೆಯ ಹೊರಗೋಡೆಯಲ್ಲೇ ಅವಳಿದ್ದಾಳೆ, ಲೋಲಾ. ನಮ್ಮಜ್ಜಿ ಸಂಜೆಯಾದರೆ ಅಲ್ಲಿಗೆ ಹೋಗಿ ಮೇಣದ ಬತ್ತಿ ಹಚ್ಚುತ್ತಿದ್ದಳು. ಅವಳೂ ಪಿಲಾರ್. ಆಗ ಬೀದಿಯಲ್ಲಿ ನಿಂತು ಪಿಲಾರ್ ಅಂತ ಕೂಗಿದರೆ ನಾಲ್ಕು ಮನೆಯಿಂದ ಓಗೊಡುತ್ತಿದ್ದರು."

"ನಮ್ಮ ಸಾಯ್ಬಿಣ್ ಮಾಯ್, ಮರಿಯಮ್ಮನವರದ್ದೇ ಹೆಸರು!" ರೆಜಿನಾಬಾಯಿ ಶಿಲುಬೆಯ ಗುರುತು ಹಾಕಿಕೊಂಡಳು. "ಗೋವಾದಲ್ಲೂ ಪಿಲಾರ್ ಮಾತೆಯ ಮಠ ಉಂಟು. ಅದೇ ಇದು ಅಂತ ನನಗೆಲ್ಲಿ ಗೊತ್ತು!"

ಲವಿನಾ ವಿಲ್ಸನ್‌ನ ಕಡೆ ನೋಡಿದಳು. ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ ಪಿಲಾರ್ ಕೈ ಒರೆಸಿಕೊಂಡು ಮಗುವನ್ನು ಎತ್ತಿಕೊಂಡಳು. "ಆದರೆ ಈ ಬೇಬಿಗೆ ಬೇಡ ಲವಿನಾ. ಖಲಾಸ್. ಹಳೇ ಹೆಸರು, ಮುದುಕಿಯರ ಹೆಸರು. ನಮ್ಮ ಊರಿನಲ್ಲೇ ಯಾರೂ ಇಡುವುದಿಲ್ಲ. ನನ್ನ ಅಣ್ಣನ ಮಗಳು ಪ್ರಿನ್ಸೆಸ್, ತಂಗಿಯ ಮಗಳು ಏಂಜೆಲ್. ನೀನೂ ಚಂದದ್ದು ಇಡು. ಪಿಲಾರ್ ಅಂತ ಕರೆದರೆ ಇನ್ನೊಬ್ಬರ ಚಾದರ ಮಡಚಲಿಕ್ಕೆ ಹುಟ್ಟಿದವಳ ಹಾಗೆ ಕೇಳಿಸುತ್ತದೆ."

ಲವಿನಾ ಇದನ್ನು ದಾಟಿಸಲು ಹಿಂಜರಿದಳು. ಅತ್ತೆಗೆ ಬೇಕಾದದ್ದೂ ಇದೇ ಅಲ್ಲವೇ. ಆದರೂ ಹೇಳಿದಳು.

ರೆಜಿನಾಬಾಯಿ ಎದ್ದು ನಿಂತಳು.

"ಮುದುಕಿಯರ ಹೆಸರಾ? ಮತ್ತೆ ನನ್ನದು ಎಂತ, ನಿನ್ನೆ ಮೊನ್ನೆ ಹುಟ್ಟಿದ್ದಾ? ಇಡೀ ವಾರ್ಡಿನಲ್ಲಿ ಈಗ ಒಂದು ರೆಜಿನಾ ಇಲ್ಲ. ಎಲ್ಲಾ ರಿಯಾನಾ! ಹೇಳು ಅವಳಿಗೆ ಲವಿನಾ, ಒಂದಕ್ಷರ ಬಿಡದೆ ಹೇಳು. ಅಜ್ಜಿಯ ಹೆಸರಿಗೆ ನಾಚಿಕೆಯಾ ನಿನಗೆ? ಚಾದರ ಮಡಚಿದರೆ ಎಂತ ಆಯ್ತು? ರೆಜಿನಾ ಅಂದ್ರೆ ರಾಣಿ ಅಂತ ಫಾದರ್ ಹೇಳ್ತಿದ್ದರು. ನೋಡು ರಾಣಿಯ ಕೈ!"

ಪಿಲಾರ್‌ಳ ಮೂಗಿನ ಕೆಳಗೆ ಆಕೆ ಹತ್ತು ಬೆರಳು ಚಾಚಿದಳು. ಗೇರುಬೀಜದ ಎಣ್ಣೆ ತಿಂದ ಬೆರಳು. ಬೀಜ ಒಡೆಯುವ ಕಾರ್ಖಾನೆಯ ಕೆಲಸ ಬಿಟ್ಟು ವರ್ಷಗಳಾದರೂ ಉಗುರಿನ ಸುತ್ತ ಕಪ್ಪು ಹೋಗಿರಲಿಲ್ಲ.

"ಇವನು ಹೊಟ್ಟೆಯಲ್ಲಿದ್ದಾಗ ನಿಂತೇ ಮಷಿನು ತುಳಿದದ್ದು. ಕೂತುಕೋ ಅಂತ ಒಬ್ಬ ಹೇಳಲಿಲ್ಲ. ಒಬ್ಬಳೂ ಹೇಳಲಿಲ್ಲ. ನಿನ್ನಂಥವಳೊಬ್ಬಳು ಅಲ್ಲಿ ಇದ್ದಿದ್ದರೆ..." ಲವಿನಾ ಹಿಂದಿನ ದಿನ ಕುರ್ಚಿಯ ಬಗ್ಗೆ ಹೇಳಿದ್ದೆಲ್ಲ ಆಕೆಯ ಕಿವಿಗೆ ಹೋಗಿಯೇ ಇತ್ತು. "ಪ್ರಿನ್ಸೆಸ್ ಅಂತೆ! ನಮ್ಮ ಪಕ್ಕದ ಮನೆಯ ನಾಯಿಯ ಹೆಸರು ಪ್ರಿನ್ಸೆಸ್!"

ಲವಿನಾ ನಗು ತಡೆದುಕೊಂಡು ಎಲ್ಲವನ್ನೂ ಹೇಳಿದಳು, ನಾಯಿಯನ್ನೂ ಬಿಡಲಿಲ್ಲ. ಪಿಲಾರ್ ಆ ಹತ್ತು ಬೆರಳುಗಳನ್ನು ನೋಡಿದಳು. ಬ್ಲೀಚ್ ತಿಂದು ಸಿಪ್ಪೆ ಎದ್ದ ತನ್ನ ಬೆರಳನ್ನು ಅವುಗಳ ಪಕ್ಕಕ್ಕೆ ಹಿಡಿದಳು. ಆಮೇಲೆ ನಗತೊಡಗಿದಳು. ರೆಜಿನಾಬಾಯಿ ನಗಲಿಲ್ಲ. "ಇನ್ನೆರಡು ದೋಸೆ ಹಾಕ್ತೇನೆ, ತಿಂದು ಹೋಗು," ಎಂದು ಒಲೆಯ ಕಡೆ ನಡೆದಳು.

ಆಮೇಲೆ ಆಕೆ ಹೆಸರಿನ ಮಾತೇ ಎತ್ತಲಿಲ್ಲ. ಶುಕ್ರವಾರ ಕಿಟಕಿಯ ಬಳಿ ಕೂತು ಫ್ರಾಕಿನ ನೀಲಿ ನೂಲನ್ನು ಒಂದೊಂದಾಗಿ ಬಿಚ್ಚಿದಳು. ಸೂಜಿಯ ತೂತುಗಳು ಮುಚ್ಚುವಂತೆ ಬಟ್ಟೆಯನ್ನು ಉಗುರಿನಿಂದ ಉಜ್ಜಿದಳು. ಬೇರೆ ಅಕ್ಷರ ಹಾಕಲಿಲ್ಲ. "ನಾಳೆ ಇಗರ್ಜಿಯಲ್ಲಿ ಯಾವ ಹೆಸರು ಹೇಳ್ತಾರೆ ಅಂತೀಯಾ?" ಲವಿನಾ ಗಂಡನ ಕಿವಿಯಲ್ಲಿ ಕೇಳಿದಳು. "ಮಮ್ಮಿಯ ಮನಸ್ಸು ಕಂಡವರುಂಟಾ," ಎಂದ ವಿಲ್ಸನ್. ಬೇಡ ಎನ್ನುವ ಹಕ್ಕು ತಮಗಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಆ ಖಾಲಿ ಫ್ರಾಕನ್ನು ನೋಡಿದ ಮೇಲೆ ಲವಿನಾಗೆ ಒತ್ತಾಯಿಸುವ ಮನಸ್ಸಾಗಲಿಲ್ಲ. ಅತ್ತೆ ರೆಜಿನಾ ಎಂದರೆ ರೆಜಿನಾ ಎಂದೇ ಆಗಲಿ ಎಂದು ಗಂಡನಿಗೆ ಹೇಳಿದಳು.

ಶನಿವಾರ ಇಗರ್ಜಿಯಲ್ಲಿ ಮಗು ಅಜ್ಜಿಯ ತೋಳಿನಲ್ಲಿತ್ತು. ಹಿಂದಿನ ಬೆಂಚುಗಳಲ್ಲಿ ಪಿಲಾರ್ ಮತ್ತು ಹೋಟೆಲಿನ ಹೆಂಗಸರು: ಫಿಲಿಪೀನ್ಸಿನವರು, ಕೇರಳದ ಸುಸನ್, ಹೊಸ ಚೂಡಿದಾರ ಹಾಕಿಕೊಂಡು ಬಂದಿದ್ದ ಕಾಸರಗೋಡಿನ ಮುಹ್ಸಿನಾ. ಡ್ಯೂಟಿ ಬದಲಾಯಿಸಿಕೊಂಡು ಬಂದವರು.

"ಮಗುವಿಗೆ ಏನು ಹೆಸರಿಡುತ್ತೀರಿ?" ಫಾದರ್ ಕೇಳಿದರು.

ರೆಜಿನಾಬಾಯಿ ಮಗುವಿನ ಮುಖ ನೋಡಿದಳು. ತುಟಿ ಅಲುಗಿತು, ಸದ್ದಿಲ್ಲದೆ. ತನ್ನ ಹೆಸರನ್ನು ತಾನೇ ಒಮ್ಮೆ ಹೇಳಿಕೊಂಡಳೋ ಏನೋ. ಫಾದರ್ ಕಾದರು. ಲವಿನಾ ಅತ್ತೆಯ ಮೊಣಕೈಯನ್ನು ಮೆಲ್ಲಗೆ ಮುಟ್ಟಿ ತಲೆಯಾಡಿಸಿದಳು, ಹೇಳಿ, ಪರವಾಗಿಲ್ಲ ಎನ್ನುವಂತೆ.

"ಪಿಲಾರ್," ಎಂದಳು ರೆಜಿನಾಬಾಯಿ. ಗೇರುಬೀಜದ ಮಷಿನುಗಳ ಸದ್ದನ್ನು ಮೀರಿ ಮಾತಾಡಿ ಅಭ್ಯಾಸವಾದ ಗಂಟಲು. ಕೊನೆಯ ಬೆಂಚಿನವರೆಗೂ ಕೇಳಿತು. ಫಾದರ್ ನಸುನಕ್ಕು ನೀರು ಎರೆದರು. ಮಗು ಇಗರ್ಜಿಯ ಮಾಡು ಹಾರಿಹೋಗುವಂತೆ ಅತ್ತಿತು. "ಗಂಟಲು ನನ್ನದೇ," ಎಂದಳು ಅಜ್ಜಿ, ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತ.

ಹೊರಗೆ ಬಿಸಿಲು ಅಂಗಳದ ಕಲ್ಲುಗಳನ್ನು ಕಾಯಿಸಿತ್ತು. ಹೆಂಗಸರು ಸಾಲಾಗಿ ನಿಂತು ಮಗುವಿಗೆ ಕೈಚಾಚಿದರು. ಕಣ್ಣು ಒರೆಸಿಕೊಳ್ಳುತ್ತಿದ್ದ ಪಿಲಾರ್ ಮೊದಲು ಎತ್ತಿಕೊಂಡಳು, ಆಮೇಲೆ ಸುಸನ್, ಆಮೇಲೆ ಮುಹ್ಸಿನಾ. ಒಬ್ಬೊಬ್ಬರ ಬಾಯಲ್ಲಿ ಆ ಹೆಸರು ಒಂದೊಂದು ರಾಗದಲ್ಲಿ ಹೊರಟಿತು. ರೆಜಿನಾಬಾಯಿ ಯಾರದ್ದೋ ಕೊಡೆ ಇಸಿದುಕೊಂಡು ಬಿಚ್ಚಿದಳು. ಮಗು ತೋಳಿನಿಂದ ತೋಳಿಗೆ ದಾಟಿದ ಹಾಗೆ, ಅದರ ಮುಖದ ಮೇಲೆ ನೆರಳು ತಪ್ಪದಂತೆ, ತಾನು ಬಿಸಿಲಿನಲ್ಲೇ ಒಂದೊಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತ ಹೋದಳು.